ಬರೋಸನ ಅಲಾಸ್ಕಾ ಕಥನದಲ್ಲಿ ಹಕ್ಕಿಗಳು

ಪ್ರವಾಸಕಥನಗಳಲ್ಲಿ ವರ್ಣನೆಯು ಎರಡು ಬಗೆಯಾಗಿರುತ್ತದೆ. ಕಂಡುದರ ಹಿರಿಮೆಗೆ ಬೆರಗಾಗಿ ವಿಶೇಷಣಗಳನ್ನು ರಾಶಿ ಹಾಕುವುದು ಒಂದು. ವಸ್ತುವಿನ ರೂಪ, ಚಲನೆ, ಧ್ವನಿಗಳನ್ನು ಇದ್ದಂತೆಯೇ ನಿರೂಪಿಸುವುದು ಇನ್ನೊಂದು. ಈ ಎರಡನೆಯದೇ ನಮ್ಮ ಆಲಂಕಾರಿಕರ ಸ್ವಭಾವೋಕ್ತಿ. ದಂಡಿಯು ಅಲಂಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನಿತ್ತನು. ಅಮೆರಿಕದ ನಿಸರ್ಗಲೇಖಕನಾದ ಜಾನ್ ಬರೋಸನ ಅಲಾಸ್ಕಾ ಯಾತ್ರಾಕಥನದಲ್ಲಿ ಈ ಎರಡೂ ಬಗೆಗಳು ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ.

ರೈಲ್ವೆ ಕಂಪೆನಿಗಳ ಒಡೆಯನಾದ ಎಡ್ವರ್ಡ್ ಹ್ಯಾರಿಮನ್ನನು ವೈದ್ಯರ ಸಲಹೆಯಂತೆ ವಿಶ್ರಾಂತಿಗಾಗಿ ಸಮುದ್ರಯಾನವನ್ನು ಕೈಕೊಂಡು, ವಿಜ್ಞಾನಿಗಳನ್ನೂ ಕಲಾವಿದರನ್ನೂ ತನ್ನ ಖರ್ಚಿನಿಂದಲೇ ಜತೆಗೆ ಕರೆದುಕೊಂಡನು. ‘ಜಾರ್ಜ್ ಡಬ್ಲ್ಯು. ಎಲ್ಡರ್’ ಎಂಬ ಹೊಗೆಹಡಗು 1899ರ ಮೇ 31ರಂದು ಸಿಯಾಟಲ್ ರೇವನ್ನು ಬಿಟ್ಟು, ಸೈಬೀರಿಯದ ದಡವನ್ನೂ ಮುಟ್ಟಿ, ಎರಡು ತಿಂಗಳಲ್ಲಿ ಹಿಂತಿರುಗಿತು. ಜಾನ್ ಮ್ಯೂರ್, ಹಕ್ಕಿಗಳ ಚಿತ್ರಕಾರನಾದ ಲೂಯಿ ಫ್ಯುಯೆರ್ಟೆಸ್ ಮೊದಲಾದವರು ಅದರಲ್ಲಿದ್ದರು. ಕಥನವನ್ನು ಬರೆಯುವ ಹೊಣೆ 62 ವರ್ಷದ ಬರೋಸನ ಪಾಲಿಗೆ ಬಂದಿತು. ಅದು 1901ರಲ್ಲಿ ಪ್ರಕಟವಾಯಿತು.

ಹಡಗಿನ ಮೇಲಿಂದ ಹಿಮನದಿಗಳನ್ನೂ ಪರ್ವತಶ್ರೇಣಿಗಳನ್ನೂ ನೋಡುವಾಗ ಬರೋಸನ ಗದ್ಯವು ಗಾತ್ರದ ಭಾರಕ್ಕೆ ಬಳಲುತ್ತದೆ. ಒಂದು ಶಿಖರದ ಬೆರಗು ಆರುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತದೆ. ಓದುಗನ ಮನಸ್ಸಿನಲ್ಲಿ ಯಾವುದೂ ನೆಲೆಯೂರುವುದಿಲ್ಲ. ಆದರೆ ದಡಕ್ಕಿಳಿದು ಹುಲ್ಲಿನ ಮೇಲೆ ನಡೆಯತೊಡಗಿದೊಡನೆ ಶೈಲಿಯೇ ಬದಲಾಗುತ್ತದೆ. ಉನಲಾಸ್ಕದ ಗುಡ್ಡಗಳಲ್ಲಿ ಮರಗಳಿಲ್ಲ. ಅಲ್ಲಿಯ ಲ್ಯಾಪ್‌ಲೆಂಡ್ ಲಾಂಗ್‌ಸ್ಪರ್ ಎಂಬ ಪುಟ್ಟ ಹಕ್ಕಿಗೆ ಕುಳಿತು ಹಾಡಲು ಎತ್ತರದ ಕೊಂಬೆಯಿಲ್ಲ. ಕಪ್ಪು ಮುಖದ, ಕೆಂಗಂದು ಕತ್ತಿನ ಗಂಡು ಬಾನಿಗೇರಿ, ರೆಕ್ಕೆಯನ್ನು ಹರಡಿ ಇಳಿಯುತ್ತಲೇ ಹಾಡುತ್ತದೆ. ಚಿನ್ನದ ಬಣ್ಣದ ನೆತ್ತಿಯ ಇನ್ನೊಂದು ಗುಬ್ಬಚ್ಚಿಯ ಹಾಡು ಕೆಲವೇ ಸ್ವರಗಳದು. ಒಂದಕ್ಕಿಂತ ಒಂದು ತಗ್ಗಿ ನಿಟ್ಟುಸಿರಿನಂತೆ ಮುಗಿಯುತ್ತದೆ. ಇವೆರಡರ ಮೇಲೂ ಬರೋಸನು ಪದ್ಯಗಳನ್ನು ರಚಿಸಿದನು. ಹಿಮನದಿಯು ಅವನಿಂದ ಬರಿಯ ಉದ್ಗಾರವನ್ನು ಹೊರಡಿಸಿದರೆ, ಹಕ್ಕಿಯು ಅವನನ್ನು ನಿಂತು ಕೇಳುವಂತೆ ಮಾಡಿತು.

ಈ ಗುಣದ ಬೆನ್ನಿಗೇ ಒಂದು ದೋಷವೂ ಉಂಟು. ಬರೋಸನಿಗೆ ಪ್ರಿಯವಾದ ಉತ್ತರವು ತನ್ನ ಊರಿನ ಹುಲ್ಲುಗಾವಲನ್ನು ಹೋಲುವ ಉತ್ತರ. ಕೋಡಿಯಾಕ್, ಉನಲಾಸ್ಕಗಳ ಹಸುರು ಅವನನ್ನು ಒಲಿಸಿಕೊಂಡಿತು; ಬೇರಿಂಗ್ ಸಮುದ್ರದ ಮಂಜೂ ಬಂಡೆಯೂ ಒಲಿಸಿಕೊಳ್ಳಲಿಲ್ಲ. ಉನಲಾಸ್ಕದಲ್ಲಿಯೇ ಉಳಿದುಬಿಡಲೆಂದು ಚೀಲ ಹಿಡಿದು ಹೊರಟಿದ್ದ ಅವನನ್ನು ಮ್ಯೂರನು ಹಡಗಿಗೆ ಮರಳಿಸಿದ ಪ್ರಸಂಗವು ಪ್ರಸಿದ್ಧವಾಗಿದೆ. ಅನ್ಯದೇಶವನ್ನು ಅದರದೇ ನ್ಯಾಯದಿಂದ ಅಳೆಯದ ಲೇಖಕನು ಅದರ ಅರ್ಧವನ್ನು ಮಾತ್ರ ಕಾಣುತ್ತಾನೆ. ಆದರೆ ಆ ಅರ್ಧವನ್ನು ಬರೋಸನು ನಿಜವಾಗಿ ಕಂಡನೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆ ಯಾತ್ರೆಯು ಸಂಗ್ರಹದ ಯಾತ್ರೆಯೂ ಹೌದು. ಅಂದಿನ ಪಕ್ಷಿಶಾಸ್ತ್ರವು ಬಂದೂಕಿನಿಂದ ನಡೆಯುತ್ತಿತ್ತು. ಫ್ಯುಯೆರ್ಟೆಸನ ಸೊಗಸಾದ ಚಿತ್ರಗಳ ಹಿಂದೆಯೂ ಕೊಂದ ಹಕ್ಕಿಗಳಿದ್ದವು. ಕೇಪ್ ಫಾಕ್ಸ್ ಎಂಬಲ್ಲಿ ತ್ಲಿಂಗಿತ್ ಜನರು ಬಿಟ್ಟುಹೋಗಿದ್ದ ಹಳ್ಳಿಯಿಂದ ಕೆತ್ತನೆಯ ಕಂಬಗಳನ್ನು ಕಿತ್ತು ಹಡಗಿಗೆ ಹೇರಿದರು. ಅವುಗಳಲ್ಲಿ ಕೆಲವು 2001ರಲ್ಲಿ ಆ ಜನರ ಸಂತತಿಗೆ ಹಿಂತಿರುಗಿದವು. ಇಂತಹ ಪರಿವಾರದ ನಡುವೆ, ಹಾಡನ್ನು ಕೇಳಿ ಹಕ್ಕಿಯನ್ನು ಅದರ ಗುಡ್ಡದ ಮೇಲೆಯೇ ಬಿಟ್ಟುಬಂದ ಪುಟಗಳು ಬೇರೆಯೇ ಮೌಲ್ಯವನ್ನು ಪಡೆಯುತ್ತವೆ.

ದೂರದೇಶಗಳನ್ನು ಕಂಡು ಬಂದು ಕನ್ನಡದಲ್ಲಿ ಬರೆಯುವವರಿಗೆ ಈ ಗ್ರಂಥದಿಂದ ಎರಡು ಪ್ರಯೋಜನಗಳುಂಟು. ಹೆಸರುಗಳ ಪಟ್ಟಿಯಾಗಲಿ ಅಳತೆಗಳ ಪಟ್ಟಿಯಾಗಲಿ ವರ್ಣನೆಯೆನಿಸದೆಂಬ ಎಚ್ಚರಿಕೆ ಒಂದು. ಒಂದು ಹಕ್ಕಿಯ ಮುಂದೆ ಕಾಲು ಗಳಿಗೆ ಸುಮ್ಮನೆ ನಿಂತವನ ಮಾತು ಕಡಲನ್ನೆಲ್ಲ ಸುತ್ತಿಬಂದವನ ಮಾತಿಗಿಂತ ದೀರ್ಘಾಯುವಾಗಬಲ್ಲುದೆಂಬ ಭರವಸೆ ಇನ್ನೊಂದು.