ಗೆರೆಯ ಮಶ್ಕು, ಮುಖದ ಪ್ರಶ್ನೆ

ಕಳೆದ ಬೇಸಿಗೆ ರಜೆಯಲ್ಲಿ ನಾವು ಮನೆಮಂದಿಯೆಲ್ಲ ನವಿಲುತೀರ್ಥಕ್ಕೆ ಹೋಗಿದ್ದೆವು. ಸವದತ್ತಿಯ ಹತ್ತಿರ ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ಜಾಗ. ಊರಿನ ಹೆಸರು ಕೇಳಿಯೇ ತಂಗಿಯ ಮಗ ನವಿಲು ಬಿಡಿಸಲು ಕುಳಿತ. ಮುಗಿಸಿ ತೋರಿಸಿದಾಗ ಅದರ ಮುಖ ಮಾತ್ರ ಟಿ.ವಿ.ಯ ಡೊನಾಲ್ಡ್ ಬಾತುಕೋಳಿಯದಾಗಿತ್ತು. ಕೇಳಿದರೆ, "ಮಾಮು, ಕಣ್ಣು ಹಿಂಗ ತಗದ್ರ ನಗೂವಂಗ ಕಾಣ್ತದ" ಎಂದ.

ಕಾರ್ಟೂನು ನೋಡಿ ನಕಲು ಮಾಡುವ ಮಕ್ಕಳನ್ನು ದೊಡ್ಡವರು ಗದರುವುದುಂಟು. ನಕಲು ಮಾಡಿದರೆ ಸ್ವಂತಿಕೆ ಸಾಯುತ್ತದೆ ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪುವುದಿಲ್ಲ. ಉರ್ದು ಶಾಲೆಯಲ್ಲಿ ನಾವು ಅಕ್ಷರ ಕಲಿತದ್ದೇ ನಕಲಿನಿಂದ. ತಖ್ತಿಯ ಮೇಲೆ ಉಸ್ತಾದರು ಬೋರು ಲೇಖನಿಯಿಂದ ಮೊದಲ ಸಾಲು ಬರೆಯುತ್ತಿದ್ದರು. ಉಳಿದ ಸಾಲುಗಳು ನಮ್ಮವು. ತೊಳೆದು, ಒಣಗಿಸಿ, ಮತ್ತೆ ಬರೆಯುವುದು. ಇದಕ್ಕೆ ಮಶ್ಕು ಎನ್ನುತ್ತಾರೆ. ಹತ್ತನೆಯ ಶತಮಾನದ ಬಗ್ದಾದಿನಲ್ಲಿದ್ದ ಇಬ್ನ್ ಮುಕ್ಲಾ ಅಕ್ಷರಗಳನ್ನು ಚುಕ್ಕೆಗಳಿಂದ ಅಳೆಯುವ ಕ್ರಮ ರೂಪಿಸಿದನೆಂದು ಹೇಳುತ್ತಾರೆ. ಅಲಿಫ್ ಎಷ್ಟು ಚುಕ್ಕೆ ಎತ್ತರವೋ ಅದೇ ಅಳತೆಯ ವೃತ್ತದೊಳಗೆ ಉಳಿದ ಅಕ್ಷರಗಳು ಕೂರಬೇಕು. ನಾವು ಆಕಾರ ನಕಲು ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ನಮ್ಮ ಕೈ ಕಲಿಯುತ್ತಿದ್ದುದು ಪ್ರಮಾಣವನ್ನು.

ಹಳೆಯ ಅನಿಮೇಷನ್ ಚಿತ್ರಗಳಿಂದ ಪಾತ್ರ ಬಿಡಿಸುವುದನ್ನು ಕಲಿಯುವ ದಾರಿಯೂ ಇದೇ. ಡಿಸ್ನಿಯಲ್ಲೂ ಎಂಜಿಎಂನಲ್ಲೂ ದುಡಿದ ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ತಂದ ಕೈಪಿಡಿ ಇಂದಿಗೂ ಈ ಕಲಿಕೆಯ ಬಾಲಬೋಧೆ. ತಲೆ ಒಂದು ಚೆಂಡು, ಮೈ ಒಂದು ಪೇರಲ ಹಣ್ಣು, ಇಡೀ ದೇಹದ ಭಂಗಿಯನ್ನು ಹಿಡಿದಿಡುವ ಒಂದೇ ಬಾಗಿದ ಗೆರೆ. ಕಣ್ಣು, ಮೀಸೆ, ಟೊಪ್ಪಿಗೆಗಳೆಲ್ಲ ಕೊನೆಗೆ. ನಮ್ಮ ಹುಡುಗ ಕಣ್ಣಿನಿಂದ ಶುರು ಮಾಡಿದ್ದ, ಎಡವಿದ್ದು ಅಲ್ಲೇ. 1940ರಲ್ಲಿ ಹುಟ್ಟಿದ ಟಾಮ್ ಮತ್ತು ಜೆರ್ರಿಯ ಒಂದು ದೃಶ್ಯವನ್ನು ನಿಲ್ಲಿಸಿ ನೋಡಿದರೆ ಬೆಕ್ಕಿನ ಕೂದಲ ಕೆಳಗೆ ಈ ಚೆಂಡು, ಪೇರಲ ಕಾಣುತ್ತವೆ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ಪುಸ್ತಕದಲ್ಲಿ ಹನ್ನೆರಡು ಸೂತ್ರ ಹೇಳಿದ್ದಾರೆ. ಮೊದಲನೆಯದು, ಕುಗ್ಗುವುದು ಮತ್ತು ಹಿಗ್ಗುವುದು. ನೀರು ತುಂಬಿದ ಪಖಾಲಿಯನ್ನು ನೆಲಕ್ಕಿಟ್ಟರೆ ಅಗಲವಾಗುತ್ತದೆ, ಎತ್ತಿದರೆ ಉದ್ದವಾಗುತ್ತದೆ. ಒಳಗಿನ ನೀರು ಅಷ್ಟೇ. ಪಾತ್ರವೂ ಹಾಗೆ. ಎಷ್ಟೇ ಎಳೆದರೂ ಅದರ ಗಾತ್ರ ಬದಲಾಗಬಾರದು.

ನಮ್ಮ ದೇಶವೂ ಹೀಗೆಯೇ ಕಲಿಯಿತು. 1956ರಲ್ಲಿ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ತರಬೇತಿ ಕೊಟ್ಟರು. 1957ರಲ್ಲಿ 'ದಿ ಬನಿಯನ್ ಡೀರ್' ಬಂತು. ಚಲನೆಯ ವ್ಯಾಕರಣ ಹಾಲಿವುಡ್ಡಿನದು, ಕಥೆ ಜಾತಕದ್ದು, ರೂಪಕ್ಕೆ ಅಜಂತಾದ ಸ್ಫೂರ್ತಿ. ವೀಕ್ಸ್ ಅವರಿಂದ ಕಲಿತ ರಾಮ್ ಮೋಹನ್ ಮುಂದೆ ಯುನಿಸೆಫ್‌ಗಾಗಿ 'ಮೀನಾ' ಎಂಬ ಹಳ್ಳಿಯ ಹುಡುಗಿಯನ್ನು ರೂಪಿಸಿದರು. ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳ, ಎಲ್ಲಿಯ ಮಕ್ಕಳೂ 'ಇವಳು ನಮ್ಮವಳು' ಅನ್ನಬೇಕು, ಅಂಥ ಮುಖ. ಮಶ್ಕು ಮಾಡಿದ ಕೈ ತನ್ನ ಮುಖವನ್ನು ತಾನೇ ಹುಡುಕಿಕೊಂಡದ್ದಕ್ಕೆ ಇದು ಸಾಕ್ಷಿ.

ಆದರೆ ನಕಲಿನೊಂದಿಗೆ ಬೇರೊಂದೂ ಕೈಗೆ ಹತ್ತುತ್ತದೆ. 1992ರ ಡಿಸ್ನಿ ಚಿತ್ರ 'ಅಲಾದ್ದೀನ್' ನೋಡಿ. ಅಮೆರಿಕದ ವ್ಯಂಗ್ಯಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ಅವರ ಗೆರೆಯಿಂದಲೂ ಅರಬ್ಬಿ ಲಿಪಿಯ ಬಳುಕಿನಿಂದಲೂ ಪ್ರೇರಣೆ ಪಡೆದ ಅದರ ರೇಖೆಗಳು ನಿಜಕ್ಕೂ ಚೆಂದ. ಜೀನಿಯ ಚಲನೆ ಯಾವ ವಿದ್ಯಾರ್ಥಿಗೂ ಪಾಠ. ಮುಖಗಳಿಗೆ ಬನ್ನಿ. ನಾಯಕ, ನಾಯಕಿಗೆ ನಯವಾದ ಮುಖ, ಅಮೆರಿಕದ ಉಚ್ಚಾರ. ಸಂತೆಯ ವ್ಯಾಪಾರಿಗೆ, ಕಾವಲುಗಾರನಿಗೆ ಕೊಕ್ಕಿನ ಮೂಗು, ಒರಟು ಉಚ್ಚಾರ. ಆರಂಭದ ಹಾಡಿನ ಒಂದು ಸಾಲು ಅರಬರನ್ನು ಅಂಗ ಕತ್ತರಿಸುವವರೆಂದು ಬಣ್ಣಿಸಿತ್ತು. ಅರಬ್ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ 1993ರಲ್ಲಿ ಬದಲಾಯಿತು. ಹಾಡು ತಿದ್ದಿದರು, ಮೂಗುಗಳು ಹಾಗೇ ಉಳಿದವು. ನಮ್ಮ ಲಿಪಿಯ ಸೊಬಗನ್ನು ಪಡೆದ ಚಿತ್ರವೇ ಆ ಲಿಪಿ ಬರೆಯುವವರ ಮುಖವನ್ನು ಕೆಡಿಸಿತೆಂಬುದು ನಮ್ಮನ್ನು ನೋಯಿಸುತ್ತದೆ.

ಹಾಗೆಂದು ಹಳೆಯದೆಲ್ಲ ಶುದ್ಧ ಎಂದು ನಮ್ಮ ಪರಂಪರೆಯ ಕಡೆ ತಿರುಗಿದರೂ ಪ್ರಶ್ನೆ ತಪ್ಪುವುದಿಲ್ಲ. ತೊಗಲು ಗೊಂಬೆಯಾಟ ನಮ್ಮ ನೆಲದ ಚಲನಚಿತ್ರ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ದೀಪದ ಬೆಳಕಿನಲ್ಲಿ ಕುಣಿಯುವ ಕಿಳ್ಳೇಕ್ಯಾತ, ಬಂಗಾರಕ್ಕ ಅಪ್ಪಟ ಕಾರ್ಟೂನು ಪಾತ್ರಗಳೇ. ಆದರೆ ಅಲ್ಲಿಯೂ ರಾಜನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ನಗಿಸುವವನ ಮೈಬಣ್ಣ ಕಪ್ಪು. ಅದರಿಂದ ಗೆರೆ ಕಲಿಯಬೇಕು, ಶ್ರೇಣಿಯನ್ನಲ್ಲ.

ಉಬ್ಬಿಸಿ ತೋರಿಸುವುದು ಕಾರ್ಟೂನಿನ ಹಕ್ಕು. ಅದನ್ನು ಕಸಿದರೆ ನಗುವೇ ಉಳಿಯದು. ಆದರೆ ಒಬ್ಬ ವ್ಯಕ್ತಿಯ ಮೂಗನ್ನು ಉಬ್ಬಿಸುವುದು ಬೇರೆ, ಒಂದು ಸಮುದಾಯಕ್ಕೆಲ್ಲ ಒಂದೇ ಮೂಗು ಹಂಚುವುದು ಬೇರೆ. ಚಿತ್ರ ಕಲಿಸುವವರು ಚೆಂಡು, ಪೇರಲದ ಜೊತೆಗೆ ಈ ವ್ಯತ್ಯಾಸವನ್ನೂ ಕಲಿಸಬೇಕು.

ಆ ದಿನ ಹುಡುಗನಿಗೆ ನಾವು ಚೆಂಡು, ಪೇರಲ ತೋರಿಸಿಕೊಟ್ಟೆವು. ನವಿಲನ್ನು ಬಿಟ್ಟು ಅವನು ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದ ನಾನಿಯನ್ನು ಬಿಡಿಸಿದ. ತಲೆ ಮೇಲೆ ಸೆರಗು, ಮೂಗಿನ ತುದಿಗೆ ಜಾರಿದ ಕನ್ನಡಕ, ಕನ್ನಡಕಕ್ಕಿಂತ ದೊಡ್ಡ ಮೂಗು. ನಮ್ಮ ಅಮ್ಮಿ ಅದನ್ನು ನೋಡಿ ಮೊದಲು ಸಿಟ್ಟಾದರು. ಆಮೇಲೆ ಮೂಗು ಮುಟ್ಟಿ ನೋಡಿಕೊಂಡು ನಕ್ಕರು. ಆ ಮೂಗು ಅವರೊಬ್ಬರದೇ ಆಗಿತ್ತು.