ಜಿ ಒತ್ತಿದರೆ ಪಂಚಮ

ಸಂಗೀತ ಬರೆಯುವ ತಂತ್ರಾಂಶಗಳ ಶಾರ್ಟ್‌ಕಟ್ ಪಟ್ಟಿಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಲೋಕಲ್ ರೈಲಿನ ವೇಳಾಪಟ್ಟಿಯ ಹಾಗೆ ಅವೂ ನೋಡಿ ಮರೆಯುವಂಥವು ಎಂದುಕೊಂಡಿದ್ದೇವೆ. ‘ಈ ಐವತ್ತು ಕಲಿತರೆ ಸಾಕು’ ಎಂಬ ತಲೆಬರಹದ ಫೋಟೋ ವಾಟ್ಸಾಪಿಗೆ ಬರುತ್ತದೆ, ನಾವು ಉಳಿಸಿಕೊಳ್ಳುತ್ತೇವೆ, ಇನ್ನು ನಾಲ್ಕು ಜನಕ್ಕೆ ದಾಟಿಸುತ್ತೇವೆ. ಮುಂಬಯಿಯಲ್ಲಿ ಹವ್ಯಾಸಿ ಹಾಡಿನ ತಂಡಗಳಿಗೆ ದಾಸರ ಪದ, ಭಾವಗೀತೆಗಳನ್ನು ಸ್ವರಲಿಪಿಗೆ ಇಳಿಸಿಕೊಡುವ ನನಗೂ ಇಂಥ ಪಟ್ಟಿಗಳಿಲ್ಲದೆ ಕೆಲಸ ಸಾಗದು. ಆದ್ದರಿಂದಲೇ ಅವನ್ನು ಒಂದು ಪಠ್ಯವೆಂದು ಓದಬೇಕು ಎನ್ನುತ್ತಿದ್ದೇನೆ. ಯಾವುದಕ್ಕೆ ಒಂದೇ ಕೀಲಿ, ಯಾವುದಕ್ಕೆ ಮೂರು ಮೆನು ದಾಟಬೇಕು ಎಂಬುದರಲ್ಲಿ ಒಂದು ತೀರ್ಪು ಅಡಗಿದೆ. ಸಂಗೀತದಲ್ಲಿ ನಿತ್ಯದ್ದು ಯಾವುದು, ಅಪರೂಪದ್ದು ಯಾವುದು ಎಂಬ ತೀರ್ಪು ಅದು. ಪಟ್ಟಿಯನ್ನು ಹಂಚಿದವರು ಆ ತೀರ್ಪನ್ನೂ ಹಂಚಿದಂತೆ.

ಮೊದಲ ಪಾಠದಿಂದಲೇ ಶುರು ಮಾಡೋಣ. ಉಚಿತವಾಗಿ ಸಿಗುವ, ಹಾಗಾಗಿ ನಮ್ಮಂಥವರು ಹೆಚ್ಚು ಬಳಸುವ ಮ್ಯೂಸ್‌ಸ್ಕೋರ್‌ನಲ್ಲಿ ‘ಎನ್’ ಒತ್ತಿದರೆ ಸ್ವರ ತುಂಬುವ ಸ್ಥಿತಿಗೆ ಹೋಗುತ್ತೇವೆ. ಆಮೇಲೆ ‘ಎ’ಯಿಂದ ‘ಜಿ’ವರೆಗಿನ ಏಳು ಕೀಲಿಗಳೇ ಏಳು ಸ್ವರಗಳು. ಪಾಶ್ಚಾತ್ಯ ಪದ್ಧತಿಯ ‘ಸಿ’ಯನ್ನು ಷಡ್ಜ ಎಂದಿಟ್ಟುಕೊಂಡರೆ ‘ಡಿ’ ರಿಷಭ, ‘ಇ’ ಗಾಂಧಾರ, ‘ಜಿ’ ಪಂಚಮ. ಸರಿಗಮದಲ್ಲಿ ಯೋಚಿಸುವ ಕೈ ಗಾಂಧಾರಕ್ಕೆಂದು ‘ಜಿ’ ಒತ್ತಿದರೆ ಪಂಚಮ ಕೂರುತ್ತದೆ. ಧೈವತಕ್ಕೆಂದು ‘ಡಿ’ ಒತ್ತಿದರೆ ರಿಷಭ. ರಿಷಭಕ್ಕೆಂದು ‘ಆರ್’ ಒತ್ತಿದರೆ ಹಿಂದಿನ ಸ್ವರವೇ ಮತ್ತೊಮ್ಮೆ ಬೀಳುತ್ತದೆ. ‘ಎಸ್’ ಸ್ವರಗಳ ಮೇಲೆ ಒಂದು ಕಮಾನು ಎಳೆಯುತ್ತದೆ. ನಿಷಾದಕ್ಕೆಂದು ‘ಎನ್’ ಒತ್ತಿದರೆ ಬರೆಯುವ ಸ್ಥಿತಿಯಿಂದಲೇ ಹೊರಬೀಳುತ್ತೇವೆ. ಕಲಿಯುವವರು ಇದನ್ನು ತಮ್ಮ ದಡ್ಡತನ ಎಂದುಕೊಳ್ಳುತ್ತಾರೆ. ದಡ್ಡತನ ಏನೂ ಇಲ್ಲ. ಎರಡು ಸಂಗೀತಗಳು ಒಂದೇ ಕೀಲಿಗೆ ಕೈಹಾಕಿವೆ, ಅಷ್ಟೆ.

ಪಾಶ್ಚಾತ್ಯ ಲೋಕದೊಳಗಾದರೂ ಒಮ್ಮತ ಇದೆಯೇ ಎಂದರೆ ಅದೂ ಇಲ್ಲ. ನಾವು ಒಂದು ಮಾತ್ರೆ ಎಂದು ಬರೆಯುವ ಕ್ವಾರ್ಟರ್ ನೋಟಿಗೆ ಸಿಬೇಲಿಯಸ್‌ನಲ್ಲಿ ನಂಬರ್ ಪ್ಯಾಡಿನ 4, ಫಿನಾಲೆ ಮತ್ತು ಮ್ಯೂಸ್‌ಸ್ಕೋರ್‌ಗಳಲ್ಲಿ 5, ಡೋರಿಕೊದಲ್ಲಿ 6. ಸಿಬೇಲಿಯಸ್‌ನ ಲಂಡನ್ ಕಚೇರಿ 2012ರಲ್ಲಿ ಮುಚ್ಚಿದಾಗ ಹೊರಬಂದ ತಂಡವೇ 2016ರಲ್ಲಿ ಡೋರಿಕೊವನ್ನು ತಂದಿತು. ಅದೇ ಜನ, ಬೇರೆ ಅಂಕಿ. 1988ರಲ್ಲಿ ಬಂದ ಫಿನಾಲೆಯ ಬೆಳವಣಿಗೆಯನ್ನು ನಿಲ್ಲಿಸುತ್ತಿದ್ದೇವೆ ಎಂದು ಅದರ ಕಂಪನಿ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ಮೂವತ್ತು ವರ್ಷ ಬೆರಳಲ್ಲಿ ಕೂತ ವಿದ್ಯೆಯ ಆಯುಷ್ಯ ಒಂದು ಪ್ರಕಟಣೆಯಲ್ಲಿ ತೀರ್ಮಾನವಾಯಿತು. ಶಾರ್ಟ್‌ಕಟ್ ಕಲಿಯುವುದೆಂದರೆ ಇನ್ನೊಬ್ಬರ ಮನೆಯ ಕತ್ತಲಲ್ಲಿ ಸ್ವಿಚ್ಚು ಹುಡುಕುವ ಅಭ್ಯಾಸ ಮಾಡಿಕೊಂಡಂತೆ. ಮನೆ ಖಾಲಿ ಮಾಡಬೇಕಾಗಿ ಬಂದಾಗ ಆ ಅಭ್ಯಾಸ ಜೊತೆಗೆ ಬರುವುದಿಲ್ಲ. ಬಾಡಿಗೆ ಮನೆಗಳ ಈ ಊರಿನಲ್ಲಿ ಇದನ್ನು ವಿವರಿಸಬೇಕಿಲ್ಲ.

ಸಂಗೀತವನ್ನು ಕಡಿಮೆ ಗುರುತುಗಳಲ್ಲಿ ಬರೆಯುವ, ಬರೆದದ್ದನ್ನು ಹಂಚುವ ಪ್ರಶ್ನೆ ಮುಂಬಯಿಗೆ ಹಳೆಯದು. ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ ವಕೀಲ ವಿಷ್ಣು ನಾರಾಯಣ ಭಾತಖಂಡೆ, ಘರಾಣೆಗಳು ಸುಲಭವಾಗಿ ಬಿಟ್ಟುಕೊಡದಿದ್ದ ಬಂದಿಶುಗಳನ್ನು ಸಂಗ್ರಹಿಸಿ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ಸ್ವರಲಿಪಿ ಸಹಿತ ಅಚ್ಚು ಮಾಡಿಸಿದರು. ಕೋಮಲಕ್ಕೆ ಸ್ವರದ ಕೆಳಗೊಂದು ಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನಿಲುಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಒಂದು ಮಾತ್ರೆಯಲ್ಲಿ ಎರಡು, ನಾಲ್ಕು ಸ್ವರ ಬಂದರೆ ಅವಷ್ಟನ್ನೂ ಹಿಡಿದು ಕೆಳಗೊಂದು ಕಮಾನು. ಅದೇ ಕಾಲದ ವಿಷ್ಣು ದಿಗಂಬರ ಪಲುಸ್ಕರರು 1908ರಲ್ಲಿ ಇದೇ ಊರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅವರ ಲಿಪಿಯಲ್ಲಿ ಒಂದು, ಅರ್ಧ, ಕಾಲು ಮಾತ್ರೆಗಳಿಗೆ ಬೇರೆ ಬೇರೆ ಗುರುತುಗಳಿದ್ದವು. ಹೆಚ್ಚು ನಿಖರವಾದದ್ದು ಪಲುಸ್ಕರರದು, ಹೆಚ್ಚು ಹರಡಿದ್ದು ಭಾತಖಂಡೆಯವರದು. ದಕ್ಷಿಣದಲ್ಲೂ ಹೀಗೇ ಆಯಿತು. ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆಂದೇ ಗುರುತುಗಳನ್ನು ಕೊಟ್ಟರು, ಆಮೇಲೆ ಬಂದ ಪುಸ್ತಕಗಳು ಬಹುಪಾಲು ಬರೀ ಸ್ವರಗಳನ್ನು ಅಚ್ಚು ಹಾಕಿದವು. ಬರೆಯಲು ಶ್ರಮ ಬೇಡುವ ಗುರುತು ಮೊದಲು ಉದುರುತ್ತದೆ. ಕಂಪ್ಯೂಟರು ಹುಟ್ಟುಹಾಕಿದ ನಿಯಮವಲ್ಲ ಇದು.

ಐದು ಗೆರೆಗಳ ಸ್ಟಾಫ್ ನೊಟೇಶನ್ ಈ ಊರಿನ ಸಿನಿಮಾ ಸ್ಟುಡಿಯೋಗಳಲ್ಲಿ ಬೇರೂರಿದ್ದು ಗೋವೆಯಿಂದ ಬಂದ ಸಂಗೀತಗಾರರಿಂದ. ಸೆಬಾಸ್ಟಿಯನ್ ಡಿಸೋಜಾ, ಆಂಥೋನಿ ಗೊನ್ಸಾಲ್ವಿಸ್ ಮೊದಲಾದ ಅರೇಂಜರ್‌ಗಳು ಬರೆದ ಹಾಳೆಗಳನ್ನು ನೋಡಿಯೇ ಪಿಟೀಲಿನ ಸಾಲುಗಳು ನುಡಿಯುತ್ತಿದ್ದವು. ಅವರಿಗೂ ಕೈಬರಹದ ಶಾರ್ಟ್‌ಕಟ್ಟುಗಳಿದ್ದವು: ಹಿಂದಿನ ಪಟ್ಟಿಯೇ ಮತ್ತೆ ಎನ್ನಲು ಒಂದು ಓರೆಗೆರೆ, ಎರಡು ಚುಕ್ಕೆ. ಇವತ್ತಿನ ‘ಆರ್’ ಕೀಲಿ ಆ ಓರೆಗೆರೆಯ ಸಂತಾನ. ಅಂದರೆ ‘ಆರ್’ ತಪ್ಪು ಕೆಲಸ ಮಾಡುತ್ತಿಲ್ಲ, ಅದು ಬೇರೆಯವರ ಅಗತ್ಯಕ್ಕೆ ಹುಟ್ಟಿದ್ದು.

ಈ ವ್ಯತ್ಯಾಸ ನಮ್ಮ ರಾಗಗಳ ಮೇಲೆ ಏನು ಮಾಡುತ್ತದೆ? ತಂತ್ರಾಂಶದಲ್ಲಿ ಆರಂಭದಲ್ಲೇ ಒಂದು ಕೀ ಸಿಗ್ನೇಚರ್ ಆರಿಸಿಬಿಟ್ಟರೆ ಕೋಮಲ, ತೀವ್ರಗಳು ತಾವೇ ಬರುತ್ತವೆ, ಮುಂದೆ ಸ್ವರಕ್ಕೊಂದು ಕೀಲಿ ಸಾಕು. ಭಾತಖಂಡೆಯವರ ಹತ್ತು ಥಾಟುಗಳನ್ನು ಈ ತಕ್ಕಡಿಗೆ ಹಾಕಿ ನೋಡಿ. ಬಿಲಾವಲ್, ಕಲ್ಯಾಣ್, ಖಮಾಜ್, ಕಾಫಿ, ಅಸಾವರಿ, ಭೈರವಿ ಈ ಆರು ಸಿದ್ಧ ಚೌಕಟ್ಟುಗಳಲ್ಲಿ ಕೂರುತ್ತವೆ. ಭೈರವ್, ಪೂರ್ವಿ, ಮಾರ್ವಾ, ತೋಡಿ ಕೂರುವುದಿಲ್ಲ. ಭೈರವ್‌ನಲ್ಲಿ ರಿಷಭ, ಧೈವತ ಬಂದಾಗಲೆಲ್ಲ ಕೆಳಬಾಣದ ಕೀಲಿ ಒತ್ತಬೇಕು, ಇಲ್ಲವೇ ಮೆನುವಿಗೆ ಹೋಗಿ ಹೊಸ ಸಿಗ್ನೇಚರನ್ನೇ ಕಟ್ಟಬೇಕು. ಕೂರುವ ರಾಗಗಳಿಗೂ ತೊಡಕಿದೆ. ‘ಸಿ’ ಷಡ್ಜವಾದ ಯಮನ್‌ಗೆ ಒಂದು ಶಾರ್ಪಿನ ಸಿಗ್ನೇಚರ್ ಹಾಕಿದರೆ ಕೆಲಸ ಸಲೀಸು. ಆದರೆ ಹಾಳೆ ನೋಡಿದ ಪಿಟೀಲಿನವರು ಅದನ್ನು ‘ಜಿ ಮೇಜರ್’ ಎಂದು ಓದುತ್ತಾರೆ, ಅಂದರೆ ನಮ್ಮ ಪಂಚಮವನ್ನು ಮನೆಯೆಂದು ತಿಳಿಯುತ್ತಾರೆ. ಒಂದೊಂದು ಸ್ವರವೂ ಸರಿಯಿದ್ದು ರಾಗದ ನೆಲೆ ತಪ್ಪುವುದು ಹೀಗೆ. ಯಾವ ಶಾರ್ಟ್‌ಕಟ್ ಪಟ್ಟಿಯಲ್ಲೂ ಈ ಎಚ್ಚರಿಕೆಯನ್ನು ನಾನು ನೋಡಿಲ್ಲ.

ಇನ್ನೂ ದೊಡ್ಡ ಅಪಾಯ ಇರುವುದು ಎಲ್ಲಕ್ಕಿಂತ ದೊಡ್ಡ ಕೀಲಿಯಲ್ಲಿ. ಸ್ಪೇಸ್ ಬಾರ್ ಒತ್ತಿದರೆ ಹಾಳೆ ತಾನೇ ಹಾಡುತ್ತದೆ. ದರಬಾರಿ ಕಾನಡಾದ ಗಾಂಧಾರ ತೂಗುತ್ತಾ ಇರಬೇಕಾದ ಸ್ವರ. ಐದು ಗೆರೆಯ ಮೇಲೆ ಅದು ನಿಂತ ನೀರು. ಭಾತಖಂಡೆಯವರ ಪುಟದಲ್ಲೂ ಅದು ಕೆಳಗೆರೆ ಎಳೆದ ಒಂದು ‘ಗ’ ಮಾತ್ರ, ನ್ಯಾಯವಾಗಿ ಅದನ್ನು ಒಪ್ಪಬೇಕು. ಆದರೆ ಆ ಪುಟ ಮೂಕ. ಅದಕ್ಕೆ ಬಾಯಿ ಕೊಡಲು ಗುರು ಬೇಕಿತ್ತು. ಬೈಲಹೊಂಗಲದಲ್ಲಿ ಹುಟ್ಟಿ, ಭಾತಖಂಡೆಯವರ ಶಿಷ್ಯ ರಾತಂಜನ್‌ಕರರಲ್ಲಿ ಕಲಿತು, ಸಾಯನ್‌ನ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾಗಿದ್ದ ಕೆ. ಜಿ. ಗಿಂಡೆಯವರಂಥವರಲ್ಲಿ ಆ ಪುಟಗಳು ಕಂಠಸ್ಥವಾಗಿ ಬದುಕಿದ್ದವು. ಪುಸ್ತಕದ ‘ಗ’ಕ್ಕೂ ಹಾಡುವ ‘ಗ’ಕ್ಕೂ ನಡುವೆ ಅಂಥ ಒಬ್ಬರು ಕೂತಿರುತ್ತಿದ್ದರು. ಸ್ಪೇಸ್ ಬಾರ್ ಆ ಜಾಗವನ್ನು ಖಾಲಿ ಮಾಡಿಸುತ್ತದೆ. ಮನೆಯಲ್ಲಿ ಮಗು ಹತ್ತು ಸಲ ಒತ್ತಿ ಕೇಳಿ, ಆ ನಿಂತ ಗಾಂಧಾರವನ್ನೇ ದರಬಾರಿ ಎಂದು ಕಲಿತು ಬರುತ್ತದೆ. ತಾಳ, ಲಯ ತಾಳೆ ನೋಡಲು ಸ್ಪೇಸ್ ಬಾರ್ ಸರಿ. ರಾಗ ಕಲಿಯಲು ಅದನ್ನು ಮಕ್ಕಳ ಕೈಗೆ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಹಿತ್ಯದ ಸಾಲಿಗೆ ಬಂದರೆ ಚಿತ್ರ ಬದಲಾಗುತ್ತದೆ. ಕಂಟ್ರೋಲ್ ಜೊತೆ ‘ಎಲ್’ ಒತ್ತಿ ಸ್ವರದ ಕೆಳಗೆ ಮಾತು ತುಂಬುತ್ತೇವೆ. ಹೈಫನ್ ಹೊಡೆದರೆ ಪದ ಒಡೆದು ಮುಂದಿನ ಸ್ವರಕ್ಕೆ ಹೋಗುತ್ತದೆ, ಅಂಡರ್‌ಸ್ಕೋರ್ ಹೊಡೆದರೆ ಅಕ್ಷರದ ಎಳೆತ ಮುಂದುವರಿಯುತ್ತದೆ. ಭಾತಖಂಡೆಯವರು ಅವಗ್ರಹ ಚಿಹ್ನೆಯಿಂದ ಮಾಡಿಸಿದ ಕೆಲಸವೇ ಇದು. ಮುಂಬಯಿಯ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿಬಿಡುವ ರೂಢಿ. ಅಲ್ಲಿ ಕೃಷ್ಣ ‘ಕೃಷ್–ಣ’ ಎಂದು ಒಡೆಯುತ್ತಾನೆ. ಮಗು ಮೊದಲ ಸ್ವರದಲ್ಲೇ ‘ಷ್’ ಎಂದು ಬಾಯಿ ಮುಚ್ಚುತ್ತದೆ, ನಾಲ್ಕು ಮಾತ್ರೆ ಹರಿಯಬೇಕಾದ ನಾದ ಅಲ್ಲೇ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಬರೆದರೆ ‘ಕೃ–ಷ್ಣ’. ಸ್ವರ ತೆರೆದೇ ಇರುತ್ತದೆ, ಒತ್ತಕ್ಷರ ಮುಂದಿನ ಮಾತ್ರೆಯ ಜೊತೆ ಬರುತ್ತದೆ. ಹಾಡುವುದಕ್ಕೆ ಬೇಕಾದ ವಿಭಜನೆಯನ್ನು ನಮ್ಮ ಲಿಪಿ ತಾನಾಗಿಯೇ ಮಾಡಿಟ್ಟಿದೆ. ಭಾಷೆಯ ಅಭಿಮಾನ ಬದಿಗಿಟ್ಟು ಹಾಡುಗಾರಿಕೆಯ ಲೆಕ್ಕದಲ್ಲಷ್ಟೇ ನೋಡಿದರೂ, ವಿಂಡೋಸ್‌ನಲ್ಲಿ ಕೀಲಿಮಣೆಯ ಭಾಷೆ ಬದಲಿಸುವ ‘ವಿಂಡೋಸ್ ಕೀ + ಸ್ಪೇಸ್’ ಎಂಬ ಶಾರ್ಟ್‌ಕಟ್ ಉಳಿದ ಹತ್ತಕ್ಕಿಂತ ಬೆಲೆಯುಳ್ಳದ್ದು. ಸಂಗೀತದ ಪಟ್ಟಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಕನ್ನಡ ಟೈಪು ಮಾಡುವ ಬೆರಳಿಗೆ ಇನ್ನೂ ಒಂದು ಲಾಭವಿದೆ. ನುಡಿಯಲ್ಲಿ ನಾವು ಬಳಸುವ ಕೀಲಿವಿನ್ಯಾಸ ಕೆ. ಪಿ. ರಾವ್ ಅವರದು. ದಕ್ಷಿಣ ಕನ್ನಡದಿಂದ ಬಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್‌ಗಳಲ್ಲಿ ದುಡಿದವರು ಅವರು. ಇಂಗ್ಲಿಷ್ ಕೀಲಿಮಣೆಯನ್ನು ಕನ್ನಡದ ಉಚ್ಚಾರಕ್ಕೆ ಒಗ್ಗಿಸಿದ ವಿನ್ಯಾಸ ಅದು: ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಅಲ್ಲಿ ‘ಎಸ್’ ಸಕಾರ, ‘ಆರ್’ ರಕಾರ, ‘ಜಿ’ ಗಕಾರ, ‘ಎಂ’ ಮಕಾರ, ‘ಪಿ’ ಪಕಾರ, ‘ಎನ್’ ನಕಾರ. ಶಿಫ್ಟ್ ಹಿಡಿದು ‘ಡಿ’ ಒತ್ತಿದರೆ ಧಕಾರ. ಕನ್ನಡ ಟೈಪು ಬಲ್ಲವರ ಬೆರಳಲ್ಲಿ ಸಪ್ತಸ್ವರಗಳು ಆಗಲೇ ಕೂತಿವೆ. ಮ್ಯೂಸ್‌ಸ್ಕೋರ್‌ನಲ್ಲಿ ಶಾರ್ಟ್‌ಕಟ್ಟುಗಳನ್ನು ಬದಲಿಸಬಹುದು, ಬದಲಿಸಿದ್ದನ್ನು ಒಂದು ಫೈಲಾಗಿ ಉಳಿಸಿ ಇನ್ನೊಬ್ಬರಿಗೆ ಕಳಿಸಬಹುದು. ಏಳು ಸ್ವರಗಳನ್ನು ಈ ಏಳು ಕೀಲಿಗಳಿಗೆ ಕಟ್ಟಿ, ಅಲ್ಲಿ ಮೊದಲಿದ್ದ ಕೆಲಸಗಳನ್ನು ಬೇರೆ ಕೀಲಿಗೆ ಸರಿಸಿದರೆ ‘ಜಿ’ ಒತ್ತಿದಾಗ ಗಾಂಧಾರವೇ ಬರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. ಹೀಗೆ ಬದಲಿಸಿಕೊಂಡವರು ಬೇರೆಯವರ ಕಂಪ್ಯೂಟರಿನಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ, ಜಗತ್ತು ಹಂಚಿಕೊಳ್ಳುವ ಪಟ್ಟಿಗಳು ಅವರಿಗೆ ಉಪಯೋಗವಿಲ್ಲ. ಸ್ಟುಡಿಯೋದಲ್ಲಿ ಅನ್ನ ಹುಡುಕುವ ಹುಡುಗ ಹುಡುಗಿಯರ ಮಟ್ಟಿಗೆ ಈ ಮಾತು ನಿಜ. ಅವರು ‘ಎ’ಯಿಂದ ‘ಜಿ’ವರೆಗೆ ಕಲಿಯಲೇಬೇಕು, ಐದು ಗೆರೆಯನ್ನು ಅದರದೇ ಮರ್ಯಾದೆಯಲ್ಲಿ ಓದಬೇಕು. ಆದರೆ ಭಾನುವಾರ ಹಾಡಲು ಬರುವ ಗೃಹಿಣಿ, ಬ್ಯಾಂಕಿನಿಂದ ನಿವೃತ್ತರಾದವರು, ಎಂಟನೇ ಇಯತ್ತೆಯ ಮಗು, ಇವರು ಯಾವ ಸ್ಟುಡಿಯೋಕ್ಕೂ ಹೋಗುವವರಲ್ಲ. ತಮಗೆ ಗೊತ್ತಿರುವ ಒಂದು ಪದ ತಮ್ಮೊಂದಿಗೇ ಮುಗಿಯದಿರಲಿ ಎಂದು ಬರೆದಿಡುವವರು. ಅವರು ಮೊದಲ ದಿನವೇ ಪರಕೀಯರಾಗಿ ಎದ್ದುಹೋದರೆ ಆ ಪದ ಹಾಳೆಗೆ ಬರುವುದಿಲ್ಲ. ಊರಿನ ಅಜ್ಜಿಯಿಂದ ಬಂದ ಧಾಟಿಗಳು ಈ ನಗರದಲ್ಲಿ ಒಂದು ತಲೆಮಾರಿಗೆ ನಿಂತುಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾಗಿ ನಾನು ಈಗ ಹಂಚುವ ಪಟ್ಟಿಯಲ್ಲಿ ಐವತ್ತು ಸಾಲಿಲ್ಲ. ಏಳು ಸ್ವರದ ಕೀಲಿಗಳು, ಕೋಮಲ ತೀವ್ರಕ್ಕೆ ಮೇಲೆ ಕೆಳಗಿನ ಬಾಣಗಳು, ಸಾಹಿತ್ಯಕ್ಕೆ ಕಂಟ್ರೋಲ್ ಮತ್ತು ‘ಎಲ್’, ಕನ್ನಡಕ್ಕೆ ದಾಟಲು ಒಂದು, ಎಳೆತಕ್ಕೆ ಒಂದು. ಹಾಳೆಯ ತಲೆಯಲ್ಲಿ ರಾಗದ ಹೆಸರು, ಹಾಡುವವರ ಷಡ್ಜ, ಯಾರಿಂದ ಕಲಿತದ್ದು ಎಂಬ ಮೂರು ಮಾತುಗಳನ್ನು ಕೈಯಾರೆ ಟೈಪು ಮಾಡಬೇಕು. ಅವಕ್ಕೆ ಶಾರ್ಟ್‌ಕಟ್ ಇಲ್ಲ.