‘ಕಾಲಾ’: ಮನೆ ಯಾರದ್ದು?

ಓದಲಿಕ್ಕೋ ಕೆಲಸಕ್ಕೋ ಚೆನ್ನೈಗೆ ಹೋಗಿ ಬಾಡಿಗೆ ಮನೆ ಹುಡುಕಿದ್ದರೆ ನಿಮಗಿದು ಗೊತ್ತಿರಬಹುದು. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾದ ಮೇಲೆ ಮಾಲೀಕರು ಹೆಸರು ಕೇಳುತ್ತಾರೆ. ಹೆಸರು ಹೇಳಿದ ಕೂಡಲೇ ಮನೆ ‘ನಿನ್ನೆಯೇ ಬೇರೆಯವರಿಗೆ ಕೊಟ್ಟಾಯ್ತು’. ಹಾಗಾದವರು ಪಾ. ರಂಜಿತ್ ನಿರ್ದೇಶನದ ತಮಿಳು ಸಿನಿಮಾ ‘ಕಾಲಾ’ (2018) ನೋಡಬೇಕು. ನೋಡಿದ್ದರೆ ಇನ್ನೊಮ್ಮೆ ನೋಡಿ.

ಕಥೆ ಮುಂಬೈನ ಧಾರಾವಿಯದ್ದು. ಆದರೆ ಅದಕ್ಕಾಗಿ ದೊಡ್ಡ ಸೆಟ್ ಹಾಕಿದ್ದು ಚೆನ್ನೈನ ಇವಿಪಿ ಫಿಲ್ಮ್ ಸಿಟಿಯಲ್ಲಿ. ತಿರುನೆಲ್ವೇಲಿಯಿಂದ ವಲಸೆ ಹೋದ ಮನೆತನದ ಕರಿಕಾಲನ್ (ರಜನಿಕಾಂತ್) ಒಂದು ಕಡೆ. ಮುಂಬೈಯನ್ನು ‘ಶುದ್ಧ’ ಮಾಡುತ್ತೇನೆಂದು ಕೊಳೆಗೇರಿ ಕೆಡವಲು ಹೊರಟ ಹರಿ ದಾದಾ (ನಾನಾ ಪಾಟೇಕರ್) ಇನ್ನೊಂದು ಕಡೆ. ಜಾಗದ ಕಾಗದ ಯಾರ ಹತ್ತಿರ ಇದೆ ಅನ್ನೋದಕ್ಕಿಂತ, ಅಲ್ಲಿ ಬದುಕು ಕಟ್ಟಿದವರು ಯಾರು ಎಂದು ಸಿನಿಮಾ ಕೇಳುತ್ತದೆ. ಕಾಲಾನ ಮನೆಗೆ ಬಂದ ಹರಿ ದಾದಾ ಕೊಟ್ಟ ನೀರು ಕುಡಿಯುವುದಿಲ್ಲ. ಇಡೀ ಜಗಳ ಆ ಲೋಟದಲ್ಲಿದೆ: ಇವರ ಜಾಗ ಬೇಕು, ಇವರ ಕೈನೀರು ಬೇಡ.

ನನ್ನ ತಕರಾರು ಜರೀನಾಳ (ಹುಮಾ ಖುರೇಷಿ) ವಿಷಯದಲ್ಲಿ. ಧಾರಾವಿಯಲ್ಲೇ ಬೆಳೆದು, ಹೊರಗೆ ಹೋಗಿ ಕಲಿತು, ವಸತಿ ಯೋಜನೆಯೊಂದಿಗೆ ವಾಪಸ್ ಬರುವ ಮುಸ್ಲಿಂ ಹೆಣ್ಣುಮಗಳು. ಮಗಳನ್ನು ತಾನೊಬ್ಬಳೇ ಸಾಕುವವಳು, ನಾಯಕನಿಗೇ ಎದುರು ಮಾತಾಡುವವಳು. ನಮ್ಮ ಸಿನಿಮಾಗಳಲ್ಲಿ ಇಂಥ ಪಾತ್ರ ಅಪರೂಪ. ಆದರೆ ಕಾಲಾ ಅವಳ ಯೋಜನೆಯನ್ನು ತಿರಸ್ಕರಿಸಿದ ಮೇಲೆ ವಾದ ಅಲ್ಲಿಗೇ ನಿಂತು, ಸಿನಿಮಾ ಹೊಡೆದಾಟಕ್ಕೆ ಹೊರಳುತ್ತದೆ. ಮನೆಯ ಪ್ರಶ್ನೆ ಘೋಷಣೆಯಲ್ಲಿ ಮುಗಿಯುವುದಿಲ್ಲವಲ್ಲ! ಚೆನ್ನೈನ ಕೂವಂ ನದಿದಂಡೆಯ ಎಷ್ಟೋ ಕುಟುಂಬಗಳನ್ನು ನಗರದಾಚೆಯ ಕಣ್ಣಗಿ ನಗರ, ಪೆರುಂಬಾಕ್ಕಂಗೆ ಸಾಗಿಸಿದರು. ಸೂರು ಸಿಕ್ಕಿತು, ಕೂಲಿ ಕೆಲಸ, ಮಕ್ಕಳ ಶಾಲೆ ದೂರವಾದವು. ಅದನ್ನು ಲೆಕ್ಕ ಹಾಕಿ ಮಾತಾಡಲು ಜರೀನಾ ಬೇಕಿತ್ತು.

ಇನ್ನು ನಮ್ಮ ಕಥೆ. ಕಾವೇರಿ ಕುರಿತ ರಜನಿಕಾಂತ್ ಮಾತಿಗೆ ಸಿಟ್ಟಾಗಿ ಕರ್ನಾಟಕದಲ್ಲಿ ಈ ಸಿನಿಮಾದ ಬಿಡುಗಡೆಗೇ ಅಡ್ಡಿಯಾಯಿತು. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಬೆಂಗಳೂರಿನ ಮರಾಠಿ ಮನೆಯಲ್ಲಿ ಹುಟ್ಟಿ, ಇಲ್ಲೇ ಬಸ್ ಕಂಡಕ್ಟರ್ ಆಗಿದ್ದು, ಚೆನ್ನೈಯಲ್ಲಿ ಬೆಳಗಿದ ಮನುಷ್ಯ ಯಾವ ಊರಿಗೆ ಹೊರಗಿನವನು, ಹೇಳಿ?

ಕೊನೆಗೊಂದು ಮಾತು. ನಿಮ್ಮ ಮನೆಯ ಮೇಲ್ಮಹಡಿ ಖಾಲಿಯಿದೆ ಅಂದುಕೊಳ್ಳಿ. ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ಬಾಗಿಲು ತಟ್ಟಿದರೆ, ನೀವು ಮೊದಲು ಕೇಳೋದು ಏನು?